ಪೀಕ್ ಬುಷ್ ಮತ್ತು 143 ಡಿಗ್ರಿ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪ್‌ಗೆ ಹೋದ ವರ್ಷ ಒಂದು ಆರ್ಡರ್ ಬಂತು. ಪೇಂಟ್ ಒಣಗಿಸುವ ಓವನ್‌ನ ರೋಲರ್‌ಗಳಿಗೆ ಬುಷ್ ಬೇಕು, ಅಂದರೆ ತಿರುಗುವ ಶಾಫ್ಟ್ ಸುತ್ತ ಕೂರುವ ಬಳೆಯಂಥ ತುಂಡು. ಒಳಗೆ 180 ಡಿಗ್ರಿ ಶಾಖ. ಗ್ರೀಸ್ ಹಾಕುವ ಹಾಗಿಲ್ಲ, ಪೇಂಟ್ ಮೇಲೆ ಒಂದು ಹನಿ ಬಿದ್ದರೂ ಮಾಲು ಕೆಟ್ಟಿತು. ಆ ಬಿಸಿಯಲ್ಲಿ ನೈಲಾನ್ ಬಾಳುವುದಿಲ್ಲ. ಟೆಫ್ಲಾನ್ ಬಿಸಿ ತಡೆಯುತ್ತದೆ, ಆದರೆ ಭಾರ ಬಿದ್ದರೆ ನಿಧಾನವಾಗಿ ಚಪ್ಪಟೆಯಾಗುತ್ತಾ ಹೋಗುತ್ತದೆ. ಉಳಿದಿದ್ದು ಪೀಕ್ (PEEK) ಅನ್ನುವ ಪ್ಲಾಸ್ಟಿಕ್.

ಪೀಕ್ ಕರಗುವುದು 343 ಡಿಗ್ರಿಗೆ. ಸುಮಾರು 250 ಡಿಗ್ರಿವರೆಗೆ ಸತತವಾಗಿ ಬಳಸಬಹುದು. ಪೀಕ್‌ನ ಗುಣಗಳನ್ನು ಪಟ್ಟಿ ಮಾಡಿದ ಡೇಟಾಶೀಟ್‌ನಲ್ಲಿ ಇದನ್ನು ಓದಿ 180 ಯಾವ ಲೆಕ್ಕ ಅಂದುಕೊಂಡೆ. ಶಾಫ್ಟ್‌ಗೂ ಬುಷ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಕೂರಿಸಿದೆವು. ಮಧ್ಯಾಹ್ನ ಫೋನ್ ಬಂತು. "ಸಾರ್, ರೋಲರ್ ಹಿಡ್ಕೊಂಡ್ಬಿಟ್ಟಿದೆ."

ಬಿಚ್ಚಿ ನೋಡಿದರೆ ಬುಷ್ ಕರಗಿರಲಿಲ್ಲ, ಸುಟ್ಟಿರಲಿಲ್ಲ. ಶಾಫ್ಟ್ ಉಜ್ಜಿ ಒಳಗಿನ ಮೈ ಮಾತ್ರ ಮಿರಮಿರ ಹೊಳೆಯುತ್ತಿತ್ತು.

ನಾನು ಗಮನಿಸದೆ ಬಿಟ್ಟಿದ್ದು ಅದೇ ಡೇಟಾಶೀಟ್‌ನಲ್ಲಿದ್ದ 143 ಅನ್ನುವ ಅಂಕಿ. ಗ್ಲಾಸ್ ಟ್ರಾನ್ಸಿಷನ್ ಅಂತಾರೆ. ಪೀಕ್‌ನೊಳಗೆ ಒಂದಷ್ಟು ಭಾಗ ಹರಳಿನ ಹಾಗೆ ಸಾಲಾಗಿ ಜೋಡಿಸಿಕೊಂಡಿರುತ್ತದೆ, ಉಳಿದದ್ದು ಅಡ್ಡಾದಿಡ್ಡಿ. 143 ದಾಟಿದರೆ ಈ ಅಡ್ಡಾದಿಡ್ಡಿ ಭಾಗ ಸಡಿಲವಾಗುತ್ತದೆ. ಹರಳಿನ ಭಾಗ ಹಿಡಿದುಕೊಂಡಿರುವುದರಿಂದ ಆಕಾರ ಉಳಿಯುತ್ತದೆ, ಆದರೆ ಗಟ್ಟಿತನ ತುಂಬಾ ಇಳಿಯುತ್ತದೆ, ಹಿಗ್ಗುವುದು ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: 30 ಮಿಮೀ ಅಗಲದ ತುಂಡು 30 ಡಿಗ್ರಿಯಿಂದ 180 ಡಿಗ್ರಿಗೆ ಹೋದರೆ ಸುಮಾರು 0.3 ಮಿಮೀ ಬೆಳೆಯುತ್ತದೆ. ಅಷ್ಟೇ ಅಗಲದ ಉಕ್ಕು ಬೆಳೆಯುವುದು ಬರೀ 0.05. ಸುತ್ತಲೂ ಉಕ್ಕಿನ ಗೋಡೆ ಇರುವಾಗ ಬುಷ್ ಒಳಕ್ಕೇ ಬರಬೇಕು, ಅಲ್ವಾ?

ಎರಡನೇ ಸಲ ಕಾರ್ಬನ್ ಫೈಬರ್, ಗ್ರಾಫೈಟ್, ಟೆಫ್ಲಾನ್ ಬೆರೆಸಿದ ಕಪ್ಪು ಪೀಕ್ ತಂದೆವು. ಇದು ಹಿಗ್ಗುವುದು ಕಡಿಮೆ, ಒಣ ಉಜ್ಜಾಟಕ್ಕೂ ಒಳ್ಳೆಯದು. ಮೊದಲು ದಪ್ಪಗೆ ಟರ್ನಿಂಗ್ ಮಾಡಿ, 200 ಡಿಗ್ರಿಯಲ್ಲಿ ಇಟ್ಟು, ತುಂಬಾ ನಿಧಾನವಾಗಿ ಆರಿಸಿ, ಆಮೇಲೆ ಫಿನಿಶಿಂಗ್. ಇನ್ನೊಂದು ಮಾತು, ಪೀಕ್ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಹಾಗಾಗಿ ಲೇತ್‌ನಿಂದ ಇಳಿಸಿದ ತಕ್ಷಣ ಮೈಕ್ರೋಮೀಟರ್ ಹಿಡಿದರೆ ಅಳತೆ ತಪ್ಪು ಬರುತ್ತದೆ. ಸುಮ್ನೆ ಮೇಜಿನ ಮೇಲಿಟ್ಟು ಟೀ ಕುಡಿದು ಬನ್ನಿ.

ಸಂದನ್ನು ಈ ಸಲ 180 ಡಿಗ್ರಿಯ ಲೆಕ್ಕದಲ್ಲೇ ಬಿಟ್ಟೆವು. ಬೆಳಿಗ್ಗೆ ಓವನ್ ತಣ್ಣಗಿರುವಾಗ ರೋಲರ್ ಲಟಲಟ ಅನ್ನುತ್ತದೆ. ಬಿಸಿ ಏರುತ್ತಾ ಹೋದ ಹಾಗೆ ಸದ್ದು ನಿಲ್ಲುತ್ತದೆ.