ಬೆಳ್ಳಿ ಪೇಸ್ಟಿನ ಒಂದ ಹನಿ

ವಿಜಯಪುರದ ಬಿಸಿಲಿಗೆ ಇವತ್ತ ಬೆಳ್ಳಿ ಪೇಸ್ಟ್ ಬಾಟ್ಲಿಯೊಳಗ ಗಟ್ಟಿ ಚಟ್ನಿ ಆಗಿ ಕುಂತಿತ್ತು. ನಾಕ್ ಹನಿ ಥಿನ್ನರ್ ಹಾಕಿ ಕಡ್ಡಿಲೆ ತಿರುವಿದ ಮ್ಯಾಲೆ ದಾರಿಗೆ ಬಂತು.

ಕಬ್ಬಿಣ ಬೆರೆತ ಸೂಪರ್‌ಕಂಡಕ್ಟರ್ (ಭಾಳ ತಂಪಿನ್ಯಾಗ ತಡೆ ಇಲ್ಲದ ಕರೆಂಟ್ ಹರಿಸೂ ವಸ್ತು) ಹರಳಿನ ಗ್ಯಾಪ್, ಅಂದ್ರ ಅದರ ಎಲೆಕ್ಟ್ರಾನ್ ಜೋಡಿಗಳ ಬಿಗಿತ ತೋರಸೂ ಶಕ್ತಿ ಅಂತರ, ಅಳಿಯಾಕ ಬೇಕಾದ್ದು ಇದರ ಒಂದ ಹನಿ, ಅಂದಾಜು 50 ಮೈಕ್ರಾನ್ ಅಗಲ. ಅದರಾಗ 25 ಮೈಕ್ರಾನ್ ಬಂಗಾರದ ತಂತಿ. ಕೂದಲಕ್ಕಿಂತ ಸಣ್ಣದು, ಮೊದಲ ಫ್ಯಾನ್ ಬಂದ್ ಮಾಡ್ರಿ.

ಹನಿ ದೊಡ್ಡದು ಕಂಡ್ರೂ ಕರೆಂಟ್ ಹರಿಯೂದು ಬೆಳ್ಳಿ ಕಣ ಹರಳಿಗೆ ತಾಗಿದ ಸಣ್ಣ ಸಣ್ಣ ಚುಕ್ಕಿಯಾಗಷ್ಟ. ಇಡೀ ಆಟ ಅಲ್ಲೇ ಐತಿ. ಹರಳಿಗೆ ಲೋಹದ ಸೂಜಿ ಚುಚ್ಚಿ ಅಳಿಯೂದಕ್ಕಿಂತ ನನಗ ಇದ ಪಾಡ ಅನಸತೈತಿ, ಬಿಸಿ ಏರಿಸಿದ್ರೂ ಜರಗೂದಿಲ್ಲ.

4.2 ಕೆಲ್ವಿನ್‌ಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಇಳಿಸಿ, ಡಿಸಿ ಮ್ಯಾಲೆ ಸಣ್ಣ ಎಸಿ ಕೂಡಿಸಿ, ಲಾಕ್-ಇನ್‌ಲೆ (ಆ ಎಸಿ ಸಿಗ್ನಲ್ ಅಷ್ಟ ಹೆಕ್ಕೂ ಉಪಕರಣ) ವಾಹಕತೆ ಓದ್ರಿ. ಸೊನ್ನೆ ವೋಲ್ಟಿನ ಎರಡೂ ಕಡೆ ಕೆಲವು ಮಿಲಿವೋಲ್ಟಿಗೆ ವಾಹಕತೆಯ ಗೆರಿಯಾಗ ಗುಬ್ಬು ಎದ್ರ, ಅದು ಗ್ಯಾಪಿನ ಗುರುತು.

ಅದರಾಚೆ ಚೂಪ ತಗ್ಗು ಬಿತ್ತು? ಖುಷಿ ಪಡಬ್ಯಾಡ್ರಿ. ಚುಕ್ಕಿ ದೊಡ್ಡದಾಗಿ, ಅಲ್ಲಿ ಕರೆಂಟ್ ಸೂಪರ್‌ಕಂಡಕ್ಟರ್ ತಡಕೊಳ್ಳೂ ಮಿತಿ ದಾಟೇತಿ. ಸಡಿಲ ಪ್ಲಗ್ ಕಾದಂಗ ಕಾಯಾಕೂ ಹತ್ತಿರತೈತಿ. ಕರೆಂಟಿನ ಒಂದ ಸಣ್ಣ ಪಲ್ಸ್ (ಝಟಕಾ) ಕೊಟ್ಟು ಚುಕ್ಕಿ ಬದಲಿಸಿ ನೋಡ್ರಿ, ಇಲ್ಲಂದ್ರ ಹೊಸಾ ಹನಿ.

ತಕ್ಕಷ್ಟು ಪೊಟ್ಯಾಸಿಯಂ ಬೆರೆತ ಬೇರಿಯಂ-ಕಬ್ಬಿಣ-ಆರ್ಸೆನಿಕ್ ಹರಳಾದ್ರ 38 ಕೆಲ್ವಿನ್ ಹತ್ರ ಸೂಪರ್‌ಕಂಡಕ್ಟಿವಿಟಿನ ಹೋಗತೈತಿ, ಗುಬ್ಬೂ ಪೂರ್ತಿ ಅಳಸಬೇಕು. ಅದಾದ ಮ್ಯಾಲೂ ಉಳದ್ರ ಅದನ್ನ ಗ್ಯಾಪ್ ಅನ್ನಬ್ಯಾಡ್ರಿ.