ರೀಸ್ಟಾರ್ಟ್‌ಗೆ ಮೊದಲಿನ ಎರಡು ನಿಮಿಷ

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎನ್ನುವುದು ಹೆಚ್ಚಿನ ಸಲ ನಿಜ. ತೊಂದರೆ ಇರುವುದೇ ಅಲ್ಲಿ. ಸರಿಹೋದ ಮೇಲೆ ಏನಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಪ್ರೋಗ್ರಾಂ ಯಾವ ಸಾಲಿನಲ್ಲಿ ನಿಂತಿತ್ತು, ಯಾವ ಫೈಲನ್ನು ಹಿಡಿದುಕೊಂಡಿತ್ತು, ಯಾರ ಉತ್ತರಕ್ಕೆ ಕಾಯುತ್ತಿತ್ತು ಎಂಬುದೆಲ್ಲ ಓಡುತ್ತಿದ್ದ ಆ ಪ್ರೋಗ್ರಾಂ (ಅದನ್ನೇ ಪ್ರೋಸೆಸ್ ಎನ್ನುತ್ತೇವೆ) ಜೊತೆಗೇ ಹೋಗಿಬಿಡುತ್ತದೆ. ನಾಲ್ಕು ದಿನ ಬಿಟ್ಟು ಅದೇ ತೊಂದರೆ ಮತ್ತೆ ಬಾಗಿಲು ಬಡಿಯುತ್ತದೆ.

ನಾನು ನವಿ ಮುಂಬೈಯ ಐರೋಲಿಯಲ್ಲಿ ಪೈಥಾನ್ ಭಾಷೆಯಲ್ಲಿ ಬರೆದು ಸರ್ವರ್‌ನಲ್ಲಿ ಸದಾ ಓಡುವ ಸೇವೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆ ಡೊಂಬಿವಲಿಯಲ್ಲಿ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯಬೇಕು. ಮಳೆಗಾಲದಲ್ಲಿ ಹಳಿ ಮುಳುಗಿದರೆ ಮನೆಯಿಂದಲೇ ಕೆಲಸ. ತಂಡದಲ್ಲಿ ವಿಜಯಪುರದ ಹುಡುಗನೊಬ್ಬ, ಕುಂದಾಪುರದ ಹುಡುಗಿಯೊಬ್ಬಳು ಇದ್ದಾರೆ. ಮೂವರು ಸೇರಿದರೆ ಸರ್ವರ್‌ನ ಗೋಳೆಲ್ಲ ಕನ್ನಡದಲ್ಲೇ. ಅವರಿಬ್ಬರಿಗೆ ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ರೀಸ್ಟಾರ್ಟ್ ಮಾಡಿ, ಬೇಡವೆನ್ನುವುದಿಲ್ಲ, ಅದಕ್ಕೆ ಮೊದಲು ಎರಡು ನಿಮಿಷ ಕೊಡಿ.

ಒಂದು ಬೆಳಿಗ್ಗೆ ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ ಬಂತು. ಡಿಎಫ್ ಕಮಾಂಡ್ 40 ಜಿಬಿಯೂ ಮುಗಿದಿದೆ ಎನ್ನುತ್ತಿತ್ತು. ಡಿಯು ಕಮಾಂಡಿನಿಂದ ಎಲ್ಲ ಡೈರೆಕ್ಟರಿಗಳನ್ನು ಅಳೆದು ಕೂಡಿಸಿದರೆ 11 ಜಿಬಿಯನ್ನೂ ದಾಟಲಿಲ್ಲ. ‘ಡಿಎಫ್ ಸುಳ್ಳು ಹೇಳುತ್ತಿದೆ’ ಎಂದು ವಿಜಯಪುರದ ಹುಡುಗ ತೀರ್ಪು ಕೊಟ್ಟ. ಎರಡೂ ನಿಜವನ್ನೇ ಹೇಳುತ್ತಿದ್ದವು. ಹೆಸರಿರುವ ಫೈಲುಗಳನ್ನು ಮಾತ್ರ ಡಿಯು ಎಣಿಸುತ್ತದೆ. ಡಿಎಫ್ ಬಳಕೆಯಾದ ಜಾಗವನ್ನು, ಡಿಸ್ಕಿನ ಲೆಕ್ಕ ಇಡುವ ಫೈಲ್ ಸಿಸ್ಟಮ್‌ನಿಂದಲೇ ಕೇಳಿ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಫೈಲನ್ನು ಅಳಿಸಿದರೆ ಅಳಿಯುವುದು ಅದರ ಹೆಸರಷ್ಟೇ. ಯಾವುದಾದರೂ ಪ್ರೋಸೆಸ್ ಅದನ್ನು ತೆರೆದು ಕೂತಿದ್ದರೆ, ಆ ಪ್ರೋಸೆಸ್ ಕೈಬಿಡುವವರೆಗೂ ಜಾಗ ಖಾಲಿಯಾಗುವುದಿಲ್ಲ. ಬಾಗಿಲ ಮೇಲಿನ ನಾಮಫಲಕ ಕಿತ್ತ ಮಾತ್ರಕ್ಕೆ ಮುಂಬೈಯ ಹಳೆಯ ‘ಪಗಡಿ’ ಬಾಡಿಗೆದಾರ (ಮೊದಲೇ ದೊಡ್ಡ ಮೊತ್ತ ಕೊಟ್ಟು ಚಿಲ್ಲರೆ ಬಾಡಿಗೆಗೆ ನೆಲೆಯೂರಿದವನು) ಮನೆ ಬಿಡುತ್ತಾನೆಯೇ!

ಎಲ್‌ಎಸ್‌ಒಎಫ್ ಕಮಾಂಡಿಗೆ ‘+ಎಲ್1’ ಎಂಬ ಆಯ್ಕೆ ಕೊಟ್ಟರೆ, ಹೆಸರು ಕಳೆದುಕೊಂಡೂ ತೆರೆದೇ ಇರುವ ಫೈಲುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ನಮ್ಮದೇ ಪೈಥಾನ್ ಸೇವೆಯ ಲಾಗ್ ಫೈಲ್ (ನಡೆದದ್ದನ್ನೆಲ್ಲ ಬರೆದಿಡುವ ದಿನಚರಿ) ಇತ್ತು, ಸುಮಾರು 28 ಜಿಬಿ ಗಾತ್ರದ್ದು. ಆ ಕ್ಷಣ ಸೇವೆಯನ್ನು ರೀಸ್ಟಾರ್ಟ್ ಮಾಡಿದ್ದರೆ ಡಿಸ್ಕ್ ಮಂತ್ರ ಹಾಕಿದಂತೆ ಖಾಲಿಯಾಗುತ್ತಿತ್ತು, ಎಲ್ಲರೂ ಚಹಾ ಕುಡಿಯಲು ಹೋಗುತ್ತಿದ್ದೆವು, ಕಾರಣ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಕಾರಣದ ಎಳೆ ಹಿಡಿದವಳು ಕುಂದಾಪುರದ ಹುಡುಗಿ. ಲಾಗ್ ಡೈರೆಕ್ಟರಿಯಲ್ಲಿ ಹೊಸ ಫೈಲು ಇದೆ, ಆದರೆ ಅದು ಸೊನ್ನೆ ಬೈಟ್. ಸಮಯ 00:00 ಎಂದು ತೋರಿಸುತ್ತಿದೆ. ನಡುರಾತ್ರಿ ಯಾರು ಏನು ಮಾಡಿದರು ಎಂದು ಹುಡುಗ ತಲೆ ಕೆಡಿಸಿಕೊಂಡ. ಸರ್ವರ್ ಇರುವುದು ಮುಂಬೈಯಲ್ಲೇ ಆದರೂ ಅದರ ಗಡಿಯಾರ ಯುಟಿಸಿಯದು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲದ್ದು. ಅದರ ನಡುರಾತ್ರಿ ಎಂದರೆ ನಮಗೆ ಬೆಳಗಿನ ಐದೂವರೆ. (ಲಾಗ್ ಓದುವ ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಈ ಐದೂವರೆ ಗಂಟೆಯ ಅಂತರದಲ್ಲಿ ಒಮ್ಮೆಯಾದರೂ ಎಡವುತ್ತಾರೆ.) ಆ ಹೊತ್ತಿಗೆ ಓಡುವುದು ಲಾಗ್‌ರೊಟೇಟ್. ಅದು ಹಳೆಯ ಲಾಗ್‌ನ ಹೆಸರು ಬದಲಿಸಿ, ಖಾಲಿ ಫೈಲೊಂದನ್ನು ಸೃಷ್ಟಿಸಿ, ಹಳೆಯದನ್ನು ಜಿಜಿಪ್‌ನಿಂದ ಕುಗ್ಗಿಸಿ ಮೂಲವನ್ನು ಅಳಿಸುತ್ತದೆ. ಪೈಥಾನ್‌ನಲ್ಲಿ ಲಾಗ್ ಬರೆಯುವ ಸಾಮಾನ್ಯ ಫೈಲ್‌ಹ್ಯಾಂಡ್ಲರ್‌ಗೆ ಇದಾವುದೂ ಗೊತ್ತಾಗುವುದಿಲ್ಲ. ಮೊದಲು ತೆರೆದ ಫೈಲಿಗೇ, ಅದು ಅಳಿದು ಹೋದ ಮೇಲೂ, ಬರೆಯುತ್ತಲೇ ಇರುತ್ತದೆ. ಯಾರೋ ಡೀಬಗ್ ಮಟ್ಟದ, ಅಂದರೆ ಸಣ್ಣಪುಟ್ಟದ್ದನ್ನೂ ಬರೆಯುವ, ಲಾಗ್ ಹಚ್ಚಿಟ್ಟು ಮರೆತಿದ್ದರಿಂದ ಅದು ಅಷ್ಟು ಬೇಗ ಉಬ್ಬಿತ್ತು.

ಆ ಹೊತ್ತಿನ ಪರಿಹಾರಕ್ಕೂ ಸೇವೆ ನಿಲ್ಲಿಸಬೇಕಾಗಲಿಲ್ಲ. ಓಡುವ ಪ್ರೋಸೆಸ್‌ಗಳ ವಿವರ ತೋರಿಸುವ ‘/ಪ್ರಾಕ್’ ಒಳಗೆ, ಆ ಪ್ರೋಸೆಸ್ ತೆರೆದಿರುವ ಫೈಲುಗಳ ‘ಎಫ್‌ಡಿ’ ಡೈರೆಕ್ಟರಿಯಲ್ಲಿ ಅಳಿದ ಫೈಲಿನ ಕೊಂಡಿ ಇನ್ನೂ ಇರುತ್ತದೆ. ಅದರ ಕೊನೆಯ ಕೆಲವು ಸಾವಿರ ಸಾಲುಗಳನ್ನು ಇನ್ನೊಂದು ಯಂತ್ರಕ್ಕೆ ಕಳುಹಿಸಿ, ಅದೇ ಕೊಂಡಿಯ ಮೂಲಕ ಫೈಲನ್ನು ಸೊನ್ನೆಗೆ ಇಳಿಸಿದೆವು. ಪೈಥಾನ್‌ನ ಫೈಲ್‌ಹ್ಯಾಂಡ್ಲರ್ ಫೈಲನ್ನು ಸೇರಿಕೆ ವಿಧಾನದಲ್ಲಿ (ಪ್ರತಿ ಸಾಲನ್ನೂ ಫೈಲಿನ ಆಗಿನ ಕೊನೆಗೇ ಸೇರಿಸುವಂತೆ) ತೆರೆಯುವುದರಿಂದ ಇದು ನಡೆಯುತ್ತದೆ. ಬೇರೆ ರೀತಿಯಲ್ಲಿ ತೆರೆದಿದ್ದರೆ ಮುಂದಿನ ಸಾಲು ಮತ್ತೆ ಹಳೆಯ ಸ್ಥಾನದಿಂದಲೇ ಶುರುವಾಗಿ ಫೈಲಿನ ತೋರಿಕೆಯ ಗಾತ್ರ ಮೊದಲಿನಷ್ಟೇ ಆಗುತ್ತದೆ. ಶಾಶ್ವತ ಪರಿಹಾರ ಒಂದೇ ಸಾಲಿನದು. ಪೈಥಾನ್‌ನಲ್ಲೇ ಇರುವ ವಾಚ್ಡ್‌ಫೈಲ್‌ಹ್ಯಾಂಡ್ಲರ್ ಪ್ರತಿ ಸಾಲು ಬರೆಯುವಾಗಲೂ ಐನೋಡ್ (ಫೈಲಿನ ಗುರುತು ಸಂಖ್ಯೆ) ಬದಲಾಗಿದೆಯೇ ನೋಡಿ, ಬದಲಾಗಿದ್ದರೆ ಹೊಸ ಫೈಲನ್ನು ತೆರೆಯುತ್ತದೆ. ಲಾಗ್‌ರೊಟೇಟ್‌ನ ಕಾಪಿಟ್ರಂಕೇಟ್ ಆಯ್ಕೆಯೂ ಇದೆ. ಆದರೆ ನಕಲು ಮಾಡಿ ಮೂಲವನ್ನು ಬರಿದು ಮಾಡುವ ನಡುವಿನ ಕ್ಷಣದಲ್ಲಿ ಬಂದ ಸಾಲುಗಳು ಕಳೆದುಹೋಗಬಹುದು, ಹಾಗಾಗಿ ನನಗೆ ಅದು ಅಷ್ಟಕ್ಕಷ್ಟೇ.

ಇನ್ನೊಂದು ಜಾತಿಯ ತೊಂದರೆ, ಉಸಿರಾಡುತ್ತಲೇ ಸುಮ್ಮನಾಗುವ ಪ್ರೋಸೆಸ್. ಸಿಪಿಯು ಸೊನ್ನೆ, ಮೆಮೊರಿ ಸ್ಥಿರ, ದೋಷದ ಸಂದೇಶ ಇಲ್ಲ, ಕೆಲಸವೂ ಇಲ್ಲ. ಇಂಥದ್ದಕ್ಕೆ ಪೈ-ಸ್ಪೈಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ರಸ್ಟ್ ಭಾಷೆಯಲ್ಲಿ ಬರೆದ ಈ ಸಾಧನ ಓಡುತ್ತಿರುವ ಪೈಥಾನ್ ಪ್ರೋಸೆಸ್‌ನ ಮೆಮೊರಿಯನ್ನು ಹೊರಗಿನಿಂದಲೇ ಓದುತ್ತದೆ. ನಮ್ಮ ಕೋಡನ್ನು ಮುಟ್ಟಬೇಕಾಗಿಲ್ಲ. ‘ಡಂಪ್’ ಉಪಕಮಾಂಡಿಗೆ ಪಿಐಡಿ, ಅಂದರೆ ಪ್ರೋಸೆಸ್ ಸಂಖ್ಯೆ, ಕೊಟ್ಟರೆ ಪ್ರತಿ ಥ್ರೆಡ್ (ಪ್ರೋಸೆಸ್ ಒಳಗೆ ಸಾಗುವ ಕೆಲಸದ ಎಳೆ) ಯಾವ ಫೈಲಿನ ಯಾವ ಸಾಲಿನಲ್ಲಿ ನಿಂತಿದೆ ಎಂದು ಹೇಳುತ್ತದೆ. ನಮ್ಮ ರಾತ್ರಿ ಕೆಲಸವೊಂದು ಹೀಗೆ ಸಿಕ್ಕಿಕೊಂಡಾಗ ಎಲ್ಲ ಥ್ರೆಡ್‌ಗಳೂ ಜಾಲದಲ್ಲಿ ಬೇರೆ ಸರ್ವರ್‌ಗಳನ್ನು ಕೇಳುವ ರಿಕ್ವೆಸ್ಟ್ಸ್ ಲೈಬ್ರರಿಯ ಮೂಲಕ ಸಾಕೆಟ್ (ಜಾಲ ಸಂಪರ್ಕದ ತುದಿ) ಓದುವ ಸಾಲಿನಲ್ಲಿ ಮೌನವ್ರತ ಹಿಡಿದಿದ್ದವು. ಆಚೆ ಬದಿಯ ಸರ್ವರ್ ಸಂಪರ್ಕ ಮುರಿಯದೆ ಮಾಯವಾಗಿತ್ತು. ಸಂಪರ್ಕಗಳ ಪಟ್ಟಿ ಕೊಡುವ ಎಸ್‌ಎಸ್ ಕಮಾಂಡ್‌ನಲ್ಲಿ ಸಂಪರ್ಕ ಇನ್ನೂ ಜೀವಂತವೆಂದೇ ಕಾಣುತ್ತಿತ್ತು.

ರಿಕ್ವೆಸ್ಟ್ಸ್ ಲೈಬ್ರರಿಗೆ ನಾವು ಟೈಮ್‌ಔಟ್ ಕೊಡದಿದ್ದರೆ ಅದು ತಾನಾಗಿ ಯಾವ ಗಡುವನ್ನೂ ಇಟ್ಟುಕೊಳ್ಳುವುದಿಲ್ಲ. ಕೊಟ್ಟರೂ ಅದು ಒಟ್ಟು ಸಮಯದ ಮಿತಿಯಲ್ಲ. ಒಂದು ತುಣುಕು ಬಂದ ಮೇಲೆ ಇನ್ನೊಂದಕ್ಕೆ ಎಷ್ಟು ಕಾಯಬೇಕು ಎಂಬುದಷ್ಟೇ. ಸಂಪರ್ಕಕ್ಕೆ ಬೇರೆ, ಓದುವುದಕ್ಕೆ ಬೇರೆ ಗಡುವು ಕೊಡಬಹುದು, ಕೊಡಲೇಬೇಕು ಎಂಬುದು ನನ್ನ ಹಟ. ಟೈಮ್‌ಔಟ್ ಇಲ್ಲದ ಕರೆಯನ್ನು ಕೋಡ್ ಪರಿಶೀಲನೆಯಲ್ಲಿ ನಾನು ಮುಂದಕ್ಕೆ ಬಿಡುವುದಿಲ್ಲ, ಹುಡುಗರು ಬೇಸರಪಟ್ಟರೂ ಸರಿ.

ಸದ್ದಿಲ್ಲದೆ ಸತ್ತ ಪ್ರೋಸೆಸ್‌ನದು ಸುಲಭದ ಪ್ರಕರಣ. ನಿರ್ಗಮನ ಸಂಖ್ಯೆ 137 ಎಂದಿದ್ದರೆ 128ಕ್ಕೆ 9 ಕೂಡಿಸಿದ್ದು, ಅಂದರೆ ಯಾರೋ 9ನೇ ಸಂಕೇತವಾದ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸೂಚನೆ) ಕೊಟ್ಟಿದ್ದಾರೆ. ಹೆಚ್ಚಾಗಿ ಮೆಮೊರಿ ಮುಗಿದಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ಲೇ ಕೊಡುತ್ತದೆ. ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಸಾಕ್ಷಿ ಇರುತ್ತದೆ. ಆದರೆ ಇಡೀ ಯಂತ್ರವನ್ನೇ ರೀಬೂಟ್ ಮಾಡಿದರೆ ಡಿಮೆಸೇಜ್ ಹೋಯಿತು. ‘/ವಾರ್/ಲಾಗ್/ಜರ್ನಲ್’ ಡೈರೆಕ್ಟರಿ ಇಲ್ಲದ ಯಂತ್ರಗಳಲ್ಲಿ ಸಾಮಾನ್ಯವಾಗಿ ಜರ್ನಲ್ (ಇಡೀ ಯಂತ್ರದ ಲಾಗ್) ಕೂಡ ಹೋಯಿತು.

ಗ್ರಾಹಕರು ಕಾಯುತ್ತಿರುವಾಗ ಪಾಂಡಿತ್ಯ ಪ್ರದರ್ಶನ ಸಲ್ಲದು ಎಂದು ವ್ಯವಸ್ಥಾಪಕರು ವಾದಿಸುತ್ತಾರೆ, ಅದೂ ಸರಿಯೇ. ರಾತ್ರಿ ಪಾಳಿಯವರಿಗೆ ಪೈ-ಸ್ಪೈ ನೆನಪಿರಬೇಕೆಂದು ಬಯಸುವುದು ಕೂಡ ಅತಿಯಾಸೆ. ಅದಕ್ಕೇ ಈ ಕೆಲಸವನ್ನು ನಾವು ಸೇವೆಗಳನ್ನು ಆರಂಭಿಸಿ ನಿಲ್ಲಿಸುವ ಸಿಸ್ಟಮ್‌ಡಿಗೆ ವಹಿಸಿದ್ದೇವೆ. ಸೇವೆಯ ಯೂನಿಟ್ ಫೈಲಿನಲ್ಲಿ, ನಿಲ್ಲಿಸುವಾಗ ಏನು ಓಡಿಸಬೇಕೆಂದು ಹೇಳುವ ‘ಎಕ್ಸೆಕ್‌ಸ್ಟಾಪ್’ ಸಾಲಿನಲ್ಲಿ ಚಿಕ್ಕ ಸ್ಕ್ರಿಪ್ಟೊಂದಿದೆ. ಯಾರೇ ರೀಸ್ಟಾರ್ಟ್ ಒತ್ತಿದರೂ, ಪ್ರೋಸೆಸ್ ಸಾಯುವ ಮುನ್ನ ಪೈ-ಸ್ಪೈ, ಎಲ್‌ಎಸ್‌ಒಎಫ್, ಎಸ್‌ಎಸ್, ಡಿಎಫ್‌ಗಳ ಹೇಳಿಕೆ ದಾಖಲಾಗುತ್ತದೆ. ಒಂದೊಂದಕ್ಕೂ ಹತ್ತು ಸೆಕೆಂಡಿನ ಗಡುವು; ಹಾಗಾಗಿ ಸ್ಕ್ರಿಪ್ಟೇ ಸಿಕ್ಕಿಕೊಂಡು ರೀಸ್ಟಾರ್ಟ್ ತಡೆಯುವ ಭಯವಿಲ್ಲ. ಪೈ-ಸ್ಪೈಗೆ ರೂಟ್ (ಯಂತ್ರದ ಮೇಲಿನ ಪೂರ್ಣ) ಅಧಿಕಾರ ಬೇಕಾಗುವುದರಿಂದ ಆ ಸಾಲಿನಲ್ಲಿರುವ ಕಮಾಂಡಿನ ಆರಂಭದಲ್ಲಿ ಒಂದು ‘+’ ಚಿಹ್ನೆ ಹಾಕಿದ್ದೇವೆ. ದಾಖಲೆ ಬರೆಯುವುದು ‘/ರನ್’ ಒಳಗೆ. ಅದು ಮೆಮೊರಿಯಲ್ಲಿರುವ ಜಾಗ. ಡಿಸ್ಕ್ ತುಂಬಿದ ದಿನ ಡಿಸ್ಕ್ ಮೇಲೆ ಬರೆಯಲು ಹೊರಟರೆ ಡಿಸ್ಕ್ ತುಂಬಿದ ಸಾಕ್ಷಿಗೇ ಜಾಗ ಇರುವುದಿಲ್ಲ ಎಂದು ಹೊಳೆದದ್ದು ವಿಜಯಪುರದ ಹುಡುಗನಿಗೆ. ರೀಬೂಟ್ ಆದರೆ ‘/ರನ್’ ಕೂಡ ಅಳಿಯುತ್ತದೆ, ಆದ್ದರಿಂದ ಸ್ಕ್ರಿಪ್ಟಿನ ಕೊನೆಯ ಸಾಲು ಅದರ ಒಂದು ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಕಳುಹಿಸುತ್ತದೆ.