ಎನರ್ಜಿ, ಪರಿಸರ ಅಂದರೆ ಕೆಮಿಕಲ್ ಎಂಜಿನಿಯರಿಂಗೇ ಯಾಕೆ?

ಕೆಮಿಕಲ್ ಎಂಜಿನಿಯರಿಂಗ್ ಡಿಗ್ರಿಯ ಕೊನೆಯ ವರ್ಷದಲ್ಲಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಎನರ್ಜಿ ಮತ್ತು ಪರಿಸರದ ಮೇಲೆ ಕೆಲಸ ಮಾಡಬೇಕು ಅಂತ ಆಸೆ. ಮಾಸ್ಟರ್ಸೋ ಪಿಎಚ್‌.ಡಿ.ಯೋ ಮಾಡಬೇಕು ಅಂದುಕೊಂಡಿದ್ದೇನೆ. ಕೆಮಿಕಲ್‌ನಲ್ಲೇ ಮುಂದುವರಿಯಲಾ, ಇಲ್ಲ ರಿನ್ಯೂವಬಲ್ ಎನರ್ಜಿ, ಪರಿಸರ ವಿಜ್ಞಾನ ಅಂತ ಹೆಸರಿರುವ ಕೋರ್ಸಿಗೆ ಹೋಗಲಾ?"

ನಾನು ಹೇಳುವುದು ಇಷ್ಟು. ಲೆಕ್ಕ ಹಾಕುವುದು ಇಷ್ಟವಿದ್ದರೆ ಕೆಮಿಕಲ್‌ನಲ್ಲೇ ಇರಿ. ಪರಿಸರದ ಕಾಳಜಿ ಇದೆ, ಆದರೆ ಥರ್ಮೋಡೈನಮಿಕ್ಸ್ (ಶಾಖ, ಕೆಲಸ, ಶಕ್ತಿಗಳ ಲೆಕ್ಕದ ಶಾಸ್ತ್ರ) ಪುಸ್ತಕ ಕಂಡರೆ ಆಗುವುದಿಲ್ಲ ಅನ್ನುವವರಿಗೆ ಬೇರೆ ದಾರಿಗಳೇ ವಾಸಿ. ನೀತಿ, ಕಾನೂನು, ಜೀವವಿಜ್ಞಾನ, ಅರ್ಥಶಾಸ್ತ್ರ ಎಲ್ಲದರಲ್ಲೂ ಈ ವಿಷಯಕ್ಕೆ ಬೇಕಾದಷ್ಟು ಕೆಲಸವಿದೆ. ಕಾಳಜಿಯೊಂದೇ ಇದ್ದರೆ ಮೊದಲ ಸೆಮಿಸ್ಟರ್ ದಾಟುವುದೇ ಕಷ್ಟ. ಯಾಕೆಂದರೆ ಅಲ್ಲಿ ಪರಿಸರದ ಮಾತೇ ಬರುವುದಿಲ್ಲ. ಮತ್ತದೇ ಥರ್ಮೋಡೈನಮಿಕ್ಸ್, ಟ್ರಾನ್ಸ್‌ಪೋರ್ಟ್ (ದ್ರವ, ಶಾಖ, ವಸ್ತು ಹೇಗೆ ಹರಿಯುತ್ತವೆ ಅನ್ನುವುದು), ರಿಯಾಕ್ಷನ್ ಎಂಜಿನಿಯರಿಂಗ್ (ರಾಸಾಯನಿಕ ಕ್ರಿಯೆಗಳ ವೇಗ, ರಿಯಾಕ್ಟರುಗಳ ವಿನ್ಯಾಸ), ಅದರ ಜೊತೆಗೆ ಗಣಿತ. ಡಿಗ್ರಿಯಲ್ಲಿ ಓದಿದ್ದನ್ನೇ ಎರಡು ಪಟ್ಟು ಆಳವಾಗಿ ಓದಿಸುತ್ತಾರೆ.

ಹಾಗೆ ಓದಿಸುವುದಕ್ಕೆ ಕಾರಣವಿದೆ. ಸಿಮೆಂಟನ್ನೇ ನೋಡಿ. "ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಲ್ಲಿದ್ದಲಿನ ಬದಲು ಸೌರಶಕ್ತಿ ಕೊಟ್ಟರೆ ಆಯ್ತಲ್ಲ" ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಾಸ್ ಬ್ಯಾಲೆನ್ಸ್, ಅಂದರೆ ಒಳಗೆ ಹೋದದ್ದೆಷ್ಟು ಹೊರಗೆ ಬಂದದ್ದೆಷ್ಟು ಅನ್ನುವ ತೂಕದ ಲೆಕ್ಕ, ಬರೆದು ನೋಡಿ. ಶುದ್ಧ ಸುಣ್ಣದಕಲ್ಲು 100 ಕೆಜಿ ಕಾಯಿಸಿದರೆ ಸುಟ್ಟ ಸುಣ್ಣ ಸಿಗುವುದು 56 ಕೆಜಿ. ಉಳಿದ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಶಾಖ ಸೂರ್ಯನಿಂದ ಬಂದರೂ ಕಲ್ಲಿದ್ದಲಿನಿಂದ ಬಂದರೂ ಈ 44 ಬದಲಾಗುವುದಿಲ್ಲ, ಯಾಕೆಂದರೆ ಅದು ಕಲ್ಲಿನೊಳಗೇ ಇತ್ತು. ಸಿಮೆಂಟ್ ತಯಾರಿಕೆಯಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ ಬರುವುದು. ಅಂದರೆ ಇಂಧನ ಬದಲಿಸಿದರೆ ಸಾಲದು. ಹೊರಬರುವ ಅನಿಲವನ್ನು ಹಿಡಿಯಬೇಕು, ಇಲ್ಲವೇ ಸಿಮೆಂಟಿನ ರಸಾಯನವನ್ನೇ ಬದಲಿಸಬೇಕು. ಎರಡೂ ಕೆಮಿಕಲ್ ಎಂಜಿನಿಯರಿಂಗ್ ಕೆಲಸಗಳೇ.

ಗೊಬ್ಬರಕ್ಕೆ ಬೇಕಾಗುವ ಅಮೋನಿಯ ಇನ್ನೊಂದು. 1909ರಲ್ಲಿ ಫ್ರಿಟ್ಜ್ ಹೇಬರ್ ಲ್ಯಾಬಿನಲ್ಲಿ ಮಾಡಿ ತೋರಿಸಿದರು, 1913ರಲ್ಲಿ ಕಾರ್ಲ್ ಬಾಷ್ ಅದನ್ನು ಜರ್ಮನಿಯ ಒಪ್ಪೌನಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯ ಆಗುವ ಈ ಕ್ರಿಯೆ ಶಾಖವನ್ನು ಹೊರಬಿಡುತ್ತದೆ. ಹಾಗಾಗಿ ತಣ್ಣಗಿದ್ದಷ್ಟೂ ಸಮತೋಲನ ನಮ್ಮ ಕಡೆಗಿರುತ್ತದೆ, ಅಂದರೆ ಹೆಚ್ಚು ಅಮೋನಿಯ ಸಿಗಬಹುದು. ಆದರೆ ತಣ್ಣಗಿದ್ದರೆ ಕ್ರಿಯೆ ನಡೆಯುವುದೇ ಇಲ್ಲ ಅನ್ನುವಷ್ಟು ನಿಧಾನ. ಆದ್ದರಿಂದ 400–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಳೆದುಕೊಂಡಿದ್ದನ್ನು ನೂರಾರು ಬಾರ್ ಒತ್ತಡದಿಂದ ತುಂಬಿಕೊಳ್ಳುತ್ತಾರೆ. ಅಷ್ಟಾದರೂ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಬರುವುದು ಈ ರಿಯಾಕ್ಟರಿನಿಂದ ಅಲ್ಲ. ಅದಕ್ಕೆ ಬೇಕಾದ ಹೈಡ್ರೋಜನ್ನನ್ನು ನೈಸರ್ಗಿಕ ಅನಿಲದಿಂದಲೋ ಕಲ್ಲಿದ್ದಲಿನಿಂದಲೋ ತೆಗೆಯುವಾಗ ಬರುತ್ತದೆ. ಇದು ಗೊತ್ತಿಲ್ಲದೆ ಹೊಸ ಅಮೋನಿಯ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಹುಡುಕಲು ಹೊರಟವರು ಐದು ವರ್ಷ ಸಮಸ್ಯೆಯ ಪಕ್ಕದಲ್ಲೇ ಓಡಾಡಿ ಬರಬಹುದು.

ನಾನು ಒತ್ತಿ ಹೇಳಬೇಕಾದ ವಿಷಯ ಇದೇ. ಈ ಓದು ಕೊಡುವ ದೊಡ್ಡ ಲಾಭ ಅಂದರೆ, ಸುಧಾರಣೆಗೆ ಎಲ್ಲಿ ಇನ್ನೂ ಜಾಗ ಉಳಿದಿದೆ, ಎಲ್ಲಿ ಉಳಿದಿಲ್ಲ ಅಂತ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ಹೇಳುವ ಶಕ್ತಿ. ಆ ಲೆಕ್ಕವನ್ನು ಥೀಸಿಸ್ ಬರೆಯುವಾಗ ಅಲ್ಲ, ಥೀಸಿಸ್ ವಿಷಯ ಆರಿಸುವ ಮೊದಲೇ ಮಾಡಬೇಕು.

ಸಮುದ್ರದ ನೀರನ್ನು ಸಿಹಿ ಮಾಡುವುದನ್ನು ತೆಗೆದುಕೊಳ್ಳಿ. 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೋಬ್ ಮತ್ತು ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟ್‌ನಿಂದ ಮೆಂಬ್ರೇನ್ (ತೆಳುವಾದ ಪೊರೆ) ಮಾಡಿದ ಮೇಲೆ ರಿವರ್ಸ್ ಆಸ್ಮೋಸಿಸ್, ಅಂದರೆ ಉಪ್ಪುನೀರನ್ನು ಒತ್ತಡ ಹಾಕಿ ಪೊರೆಯ ಮೂಲಕ ಸೋಸುವ ವಿಧಾನ, ಲ್ಯಾಬಿನಿಂದ ಹೊರಗೆ ಬಂತು. ಥರ್ಮೋಡೈನಮಿಕ್ಸ್ ಪ್ರಕಾರ, ಸಮುದ್ರದ ನೀರಿನ ಅರ್ಧದಷ್ಟನ್ನು ಸಿಹಿನೀರಾಗಿ ತೆಗೆಯಲು ಒಂದು ಘನ ಮೀಟರ್ ಸಿಹಿನೀರಿಗೆ ಸುಮಾರು 1 ಕಿಲೋವ್ಯಾಟ್ ಅವರ್ ಬೇಕೇ ಬೇಕು. ಇವತ್ತಿನ ಒಳ್ಳೆಯ ಸ್ಥಾವರಗಳು ಒಟ್ಟು 3ರಿಂದ 4ರಲ್ಲಿ ಮುಗಿಸುತ್ತವೆ. ಅದರಲ್ಲೂ ನೀರನ್ನು ಎಳೆದು ತರುವುದು, ಸೋಸುವುದು, ಪಂಪ್‌ಗಳಲ್ಲಿ ಆಗುವ ನಷ್ಟ ಎಲ್ಲ ಸೇರಿದೆ. ಮೆಂಬ್ರೇನ್ ಮೂಲಕ ನೀರು ಇನ್ನೂ ಹತ್ತು ಪಟ್ಟು ವೇಗವಾಗಿ ಹರಿದರೂ ಆ ಲೆಕ್ಕ ಜಾಸ್ತಿ ಇಳಿಯುವುದಿಲ್ಲ, ಯಾಕೆಂದರೆ ಉಪ್ಪುನೀರಿನ ಆಸ್ಮೋಟಿಕ್ ಒತ್ತಡವನ್ನು (ಸಿಹಿನೀರನ್ನು ತನ್ನ ಕಡೆಗೆ ಎಳೆಯುವ ಒತ್ತಡವನ್ನು) ಮೀರಲೇಬೇಕು. ಕೆಲಸ ಬಾಕಿ ಇರುವುದು ಬೇರೆ ಕಡೆ: ಮೆಂಬ್ರೇನ್ ಮೇಲೆ ಪಾಚಿ, ಕೆಸರು ಕಟ್ಟುವುದು, ಕ್ಲೋರಿನ್ ತಾಗಿದರೆ ಅದು ಹಾಳಾಗುವುದು, ಉಳಿದ ಗಟ್ಟಿ ಉಪ್ಪುನೀರನ್ನು ಏನು ಮಾಡಬೇಕು ಅನ್ನುವುದು. ಕೇಳುವುದಕ್ಕೆ ಅಷ್ಟು ಚೆಂದ ಇಲ್ಲ, ಒಪ್ಪುತ್ತೇನೆ.

ಈಗ ಚಿಮಣಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಕ್ಕೆ ಬನ್ನಿ. ಅಮೀನ್ ಅನ್ನುವ ರಾಸಾಯನಿಕದ ದ್ರಾವಣದಿಂದ ಕಾರ್ಬನ್ ಡೈಆಕ್ಸೈಡ್‌ನಂಥ ಆಮ್ಲೀಯ ಅನಿಲ ಹೀರುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1930ರಲ್ಲಿ. ಇವತ್ತಿಗೂ ಹೋಲಿಕೆಗೆ ಎಲ್ಲರೂ ಇಟ್ಟುಕೊಳ್ಳುವುದು ಅದನ್ನೇ. ದ್ರಾವಣ ಅನಿಲವನ್ನು ಹೀರುತ್ತದೆ. ಆಮೇಲೆ ಅದನ್ನು 120 ಡಿಗ್ರಿ ಸುತ್ತಮುತ್ತ ಕಾಯಿಸಿದರೆ ಅನಿಲ ಬಿಡುಗಡೆಯಾಗುತ್ತದೆ. ಒಂದು ಟನ್ ಹಿಡಿಯಲು ಈ ಹಳೆಯ ವಿಧಾನಕ್ಕೆ 3ರಿಂದ 4 ಗಿಗಾಜೂಲ್ ಶಾಖ ಬೇಕು. ಥರ್ಮೋಡೈನಮಿಕ್ಸ್ ಕೇಳುವ ಕನಿಷ್ಠ ಕೆಲಸ 0.2 ಗಿಗಾಜೂಲಿಗಿಂತ ಕಡಿಮೆ. ಶಾಖವನ್ನೂ ಕೆಲಸವನ್ನೂ ಹಾಗೇ ಪಕ್ಕಪಕ್ಕ ಇಡಬಾರದು, ನಿಜ. 120 ಡಿಗ್ರಿಯ ಶಾಖದಿಂದ ಎಷ್ಟು ಕೆಲಸ ಪಡೆಯಬಹುದು ಅಂತ ಪರಿವರ್ತಿಸಿ ನೋಡಿದರೂ ಅಂತರ ಹಲವು ಪಟ್ಟು ಉಳಿಯುತ್ತದೆ. ಆ ದ್ರಾವಣದ ತೂಕದಲ್ಲಿ ಸುಮಾರು ಶೇ. 70 ನೀರು. ಆ ನೀರನ್ನೆಲ್ಲ ಪ್ರತಿ ಸುತ್ತಿನಲ್ಲೂ ಕಾಯಿಸಬೇಕು, ಸ್ವಲ್ಪ ಆವಿಯನ್ನೂ ಮಾಡಬೇಕು. ಇಲ್ಲಿ ಜಾಗ ಇದೆ ಅಲ್ವಾ? ನೀರು ಕಡಿಮೆ ಇರುವ ದ್ರಾವಣಗಳು, ಘನ ಹೀರುಕಗಳು, ಮೆಂಬ್ರೇನ್‌ಗಳು, ಶಾಖವನ್ನು ಮತ್ತೆ ಬಳಸುವ ವಿನ್ಯಾಸಗಳು, ಎಲ್ಲದರ ಮೇಲೂ ಸಂಶೋಧನೆ ನಡೆಯುತ್ತಿರುವುದು ಈ ಅಂತರ ಕಂಡೇ.

ನೇರವಾಗಿ ಗಾಳಿಯಿಂದಲೇ ಹಿಡಿಯುತ್ತೇವೆ ಅನ್ನುವವರಿದ್ದಾರೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ ಅಂತ ಅದನ್ನು ತಳ್ಳಿಹಾಕುವವರೂ ಇದ್ದಾರೆ. ಇಬ್ಬರಿಗೂ ಒಂದು ಲೆಕ್ಕ ಕೊಡುತ್ತೇನೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಹತ್ತು ಲಕ್ಷಕ್ಕೆ 420ರಷ್ಟು ಭಾಗ, ಅಂದರೆ ಶೇ. 0.042. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಶೇ. 12ರಿಂದ 15. ಸಾಂದ್ರತೆಯಲ್ಲಿ ಸುಮಾರು 300 ಪಟ್ಟು ವ್ಯತ್ಯಾಸ. ಹಾಗಾದರೆ ಬೇಕಾದ ಕನಿಷ್ಠ ಕೆಲಸವೂ 300 ಪಟ್ಟಾ? ಅಲ್ಲ, ಮೂರ್ನಾಲ್ಕು ಪಟ್ಟು ಅಷ್ಟೇ. ಸಾಂದ್ರತೆ ಕನಿಷ್ಠ ಕೆಲಸದ ಸೂತ್ರದಲ್ಲಿ ಲಾಗರಿದಮ್ ಒಳಗೆ ಕೂತಿರುತ್ತದೆ. ಮೊದಲ ಸಲ ಇದನ್ನು ಲೆಕ್ಕ ಹಾಕಿದವರು ಹೆಚ್ಚಾಗಿ ಎಲ್ಲೋ ತಪ್ಪಾಗಿದೆ ಅಂತ ಮತ್ತೊಮ್ಮೆ ಮಾಡುತ್ತಾರೆ.

ಹಾಗಾದರೆ ಕಷ್ಟ ಎಲ್ಲಿದೆ? ಒಂದು ಘನ ಮೀಟರ್ ಗಾಳಿಯಲ್ಲಿ ಇರುವುದೇ ಮುಕ್ಕಾಲು ಗ್ರಾಂ. ಒಂದು ಟನ್ ಸಿಗಬೇಕಾದರೆ, ಒಂದು ಕಣವನ್ನೂ ಬಿಡದೆ ಹಿಡಿದರೂ, 13 ಲಕ್ಷ ಘನ ಮೀಟರ್ ಗಾಳಿಯನ್ನು ಯಂತ್ರದ ಮೂಲಕ ಹಾಯಿಸಬೇಕು. ಅಷ್ಟು ಗಾಳಿ ತಳ್ಳುವ ಫ್ಯಾನ್, ಅದಕ್ಕೆ ಅಡ್ಡಿಯಾಗದ ಹಾಗೆ ತೆಳುವಾಗಿ ಹರಡಿದ ಹೀರುಕ, ಹೀರಿದ್ದನ್ನು ಬಿಡಿಸಲು ಶಾಖ, ಇವುಗಳಲ್ಲೇ ದುಡ್ಡೂ ಶಕ್ತಿಯೂ ಹೋಗುತ್ತದೆ. ಇದು ಪ್ರೆಶರ್ ಡ್ರಾಪ್ (ಹರಿವಿನಲ್ಲಿ ಒತ್ತಡ ಇಳಿಯುವುದು) ಮತ್ತು ಮಾಸ್ ಟ್ರಾನ್ಸ್‌ಫರ್ (ಗಾಳಿಯಿಂದ ಹೀರುಕಕ್ಕೆ ಅನಿಲ ದಾಟುವುದು) ಸಮಸ್ಯೆ. ಡಿಗ್ರಿಯಲ್ಲಿ ಬೋರು ಅಂತ ಬಿಟ್ಟ ಅಧ್ಯಾಯಗಳು.

ಹಸಿರು ಹೈಡ್ರೋಜನ್, ಅಂದರೆ ಸೌರ, ಗಾಳಿಯಂಥ ವಿದ್ಯುತ್ತಿನಿಂದ ನೀರು ಒಡೆದು ಮಾಡುವ ಹೈಡ್ರೋಜನ್, ಅದರ ಬಗ್ಗೆಯೂ ಕೇಳುತ್ತಾರೆ. ನೀರನ್ನು ಒಡೆದು ಒಂದು ಕೆಜಿ ಹೈಡ್ರೋಜನ್ ಮಾಡಲು ಇವತ್ತಿನ ಯಂತ್ರಗಳಿಗೆ 50ರಿಂದ 55 ಕಿಲೋವ್ಯಾಟ್ ಅವರ್ ವಿದ್ಯುತ್ ಬೇಕು. ಆ ಕೆಜಿಯನ್ನು ಫ್ಯುಯೆಲ್ ಸೆಲ್‌ಗೆ ಹಾಕಿ ವಿದ್ಯುತ್ ವಾಪಸ್ ಪಡೆದರೆ ಸಿಗುವುದು 16–18ರ ಸುಮಾರು. ನಡುವೆ ಒತ್ತಿ ತುಂಬುವ, ಸಾಗಿಸುವ ಖರ್ಚು ಬೇರೆ. ಹಾಗಾಗಿ ಬ್ಯಾಟರಿ ಸಾಕಾಗುವ ಕಡೆ ಹೈಡ್ರೋಜನ್ ತರುವುದು ನನಗೆ ಸರಿ ಕಾಣುವುದಿಲ್ಲ. ಗೊಬ್ಬರಕ್ಕೆ, ಉಕ್ಕಿಗೆ, ಅಂದರೆ ಹೈಡ್ರೋಜನ್ ಒಂದು ರಾಸಾಯನಿಕವಾಗಿಯೇ ಬೇಕಾದ ಕಡೆ, ಮಾತು ಬೇರೆ.

ವಿಷಯ ಆರಿಸುವಾಗ ಫ್ಯಾಷನ್ ಕಡೆ ಸ್ವಲ್ಪ ಎಚ್ಚರವಿರಲಿ. ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್ ಅನ್ನುವ ಸರಂಧ್ರ ವಸ್ತುಗಳಿಗೆ 2025ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕಿಟಗಾವಾ, ರಾಬ್ಸನ್, ಯಾಘಿ ಮೂವರಿಗೆ. ಅರ್ಹವಾದ ಪ್ರಶಸ್ತಿಯೇ. ಆದರೆ ಹೊಸ ವಸ್ತು ಮಾಡಿ, ಒಣಗಿದ ಶುದ್ಧ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅಳೆದು, ಇಷ್ಟು ಹೀರಿತು ಅಂತ ಪೇಪರ್ ಬರೆದು ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ. ನಿಜವಾದ ಹೊಗೆಯಲ್ಲಿ ನೀರಾವಿ ಇದೆ, ಗಂಧಕದ ಆಕ್ಸೈಡ್ ಇದೆ, ದೂಳಿದೆ. ಸಾವಿರಾರು ಸಲ ಹೀರಿ ಬಿಟ್ಟ ಮೇಲೆ ಆ ವಸ್ತು ಹೇಗಿರುತ್ತದೆ? ಅದನ್ನು ಟನ್‌ಗಟ್ಟಲೆ ಮಾಡಲು ಆಗುತ್ತದಾ? ಈ ಪ್ರಶ್ನೆಗಳನ್ನು ಕೇಳುವ ಗುಂಪು ಸಿಕ್ಕಿದರೆ, ವಸ್ತು ಯಾವುದೇ ಇರಲಿ, ಸೇರಿಕೊಳ್ಳಿ.

ಇದರ ಜೊತೆಗೆ ಬರುವ ಕುಹಕವೂ ಒಂದಿದೆ. "ಹಾಳು ಮಾಡಿದ್ದೇ ನಿಮ್ಮ ಕೆಮಿಕಲ್ ಎಂಜಿನಿಯರ್‌ಗಳಲ್ವಾ?" ಪಾಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕಲ್ಲಿದ್ದಲಿನ ಹೊಗೆಯಿಂದ ಸಲ್ಫರ್ ಡೈಆಕ್ಸೈಡ್ ತೆಗೆಯುವ ಗೋಪುರಗಳನ್ನು ಕಟ್ಟಿದವರೂ ಇವರೇ. ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಹೊಗೆಗೆ ಸಿಂಪಡಿಸಿದರೆ ಗಂಧಕ ಜಿಪ್ಸಂ ಆಗಿ ಕೆಳಗೆ ಬರುತ್ತದೆ, ಅದೇ ಜಿಪ್ಸಂ ಗೋಡೆಯ ಹಲಗೆಗಳಿಗೆ ಹೋಗುತ್ತದೆ. ಕಾರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ 1975ರ ಮಾದರಿಯಿಂದ ಅಮೆರಿಕದ ಹೆಚ್ಚಿನ ಕಾರುಗಳಿಗೆ ಬಂತು. ಸೀಸ ಆ ಕ್ಯಾಟಲಿಸ್ಟನ್ನು ಕೆಡಿಸುತ್ತಿದ್ದರಿಂದ ಸೀಸ ಇಲ್ಲದ ಪೆಟ್ರೋಲೂ ಬರಲೇಬೇಕಾಯಿತು.

ಮಾಸ್ಟರ್ಸಾ, ಪಿಎಚ್‌.ಡಿ.ಯಾ? ಕಾರ್ಖಾನೆಯಲ್ಲಿ, ವಿನ್ಯಾಸದ ಕಚೇರಿಯಲ್ಲಿ ಕೆಲಸ ಮಾಡುವ ಆಸೆಯಿದ್ದರೆ ಮಾಸ್ಟರ್ಸ್ ಸಾಕು. ಉತ್ತರ ಗೊತ್ತಿಲ್ಲದ ಒಂದೇ ಪ್ರಶ್ನೆಯ ಜೊತೆ ವರ್ಷಗಟ್ಟಲೆ ಇರಬಲ್ಲೆ ಅನ್ನಿಸಿದರೆ ಪಿಎಚ್‌.ಡಿ. ಗೊಂದಲವಿದ್ದರೆ ಮೊದಲು ಥೀಸಿಸ್ ಇರುವ ಮಾಸ್ಟರ್ಸ್ ಮಾಡಿ. ಲ್ಯಾಬಿನಲ್ಲಿ ಲೀಕ್ ಹುಡುಕುತ್ತಾ ವಾರ ಕಳೆದಾಗ ನಿಮಗೇ ಗೊತ್ತಾಗುತ್ತದೆ.

ಗೈಡ್ ಆರಿಸುವುದು ವಿಶ್ವವಿದ್ಯಾಲಯ ಆರಿಸುವುದಕ್ಕಿಂತ ಮುಖ್ಯ ಅಂತ ನನ್ನ ಖಚಿತ ಅಭಿಪ್ರಾಯ. ಅವರ ಹೊಸ ಪೇಪರ್‌ಗಳಲ್ಲಿ ಎರಡನ್ನಾದರೂ ಪೂರ್ತಿ ಓದಿ. ಅಲ್ಲಿ ಓದುತ್ತಿರುವವರ ಜೊತೆ ಗೈಡ್ ಇಲ್ಲದಾಗ ಮಾತಾಡಿ. ಎಷ್ಟು ದಿನಕ್ಕೊಮ್ಮೆ ಭೇಟಿ ಸಿಗುತ್ತದೆ, ಹಿಂದೆ ಬಿಟ್ಟು ಹೋದವರು ಯಾಕೆ ಹೋದರು, ಮುಗಿಸಿದವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಅವರು ಉತ್ತರ ಕೊಡಲು ಹಿಂಜರಿದರೆ ಅದೂ ಉತ್ತರವೇ. ಸುಮ್ನೆ ನೂರು ಜನಕ್ಕೆ ಒಂದೇ ಮೇಲ್ ಕಳಿಸಬೇಡಿ. ಅವರ ಪೇಪರಿನಲ್ಲಿ ನಿಮಗೆ ಅರ್ಥವಾಗದ ಒಂದು ಅಂಶವನ್ನೋ, ನೀವು ಹಾಕಿ ನೋಡಿದ ಒಂದು ಲೆಕ್ಕವನ್ನೋ ನಾಲ್ಕು ಸಾಲಿನಲ್ಲಿ ಬರೆದರೆ ಓದುತ್ತಾರೆ.

ಕೆಲಸ ಸಿಗುತ್ತದಾ ಅನ್ನುವವರಿಗೆ: ಈ ಕ್ಷೇತ್ರದಲ್ಲಿ ಏರಿಳಿತ ಜಾಸ್ತಿ. ಎಣ್ಣೆ ಬೆಲೆ, ಸರ್ಕಾರದ ನೀತಿ ಬದಲಾದ ಹಾಗೆ ಯೋಜನೆಗಳು ಬರುತ್ತವೆ, ನಿಲ್ಲುತ್ತವೆ. ಅದಕ್ಕೇ ಒಂದು ವಸ್ತುವಿನ ಹೆಸರಿಗೆ ಅಂಟಿಕೊಳ್ಳಬೇಡಿ ಅನ್ನುವುದು. ಹೀರುಕ ಹೇಗೆ ಕೆಲಸ ಮಾಡುತ್ತದೆ ಅನ್ನುವ ಗಣಿತದ ಮಾದರಿ ಬರೆಯಲು ಗೊತ್ತಿರುವವರಿಗೆ ನೀರು ಶುದ್ಧೀಕರಣದಲ್ಲೂ ಕೆಲಸವಿದೆ, ಔಷಧ ತಯಾರಿಕೆಯಲ್ಲೂ ಇದೆ. ಎಲೆಕ್ಟ್ರೋಕೆಮಿಸ್ಟ್ರಿ ಕಲಿತವರು ಬ್ಯಾಟರಿಗೂ ಹೋಗಬಹುದು, ಹೈಡ್ರೋಜನ್‌ಗೂ ಹೋಗಬಹುದು, ತುಕ್ಕು ತಡೆಯುವ ಕೆಲಸಕ್ಕೂ ಹೋಗಬಹುದು.

ರಸಾಯನಶಾಸ್ತ್ರ ಓದಿದವರು, ಮೆಕ್ಯಾನಿಕಲ್ ಓದಿದವರು ಬರಬಹುದಾ? ಧಾರಾಳವಾಗಿ. ಮೊದಲಿನವರು ಡಿಫರೆನ್ಷಿಯಲ್ ಈಕ್ವೇಷನ್ ಮತ್ತು ಟ್ರಾನ್ಸ್‌ಪೋರ್ಟ್ ಗಟ್ಟಿ ಮಾಡಿಕೊಂಡು ಬನ್ನಿ, ಎರಡನೆಯವರು ರಿಯಾಕ್ಷನ್ ಎಂಜಿನಿಯರಿಂಗ್ ಮತ್ತು ಮಿಶ್ರಣಗಳ ಥರ್ಮೋಡೈನಮಿಕ್ಸ್. ಕೋಡಿಂಗ್ ಇಬ್ಬರಿಗೂ ಬೇಕು. ಪೈಥಾನ್ ಸಾಕು. ಮೇಲೆ ಹೇಳಿದ ಆ ಲಾಗರಿದಮ್ ಲೆಕ್ಕದಿಂದಲೇ ಶುರು ಮಾಡಿ. ಗಾಳಿಗೆ ಬರಬೇಕಾದ ಉತ್ತರ ಒಂದು ಮೋಲ್‌ಗೆ 20 ಕಿಲೋಜೂಲ್ ಆಸುಪಾಸು.